ಹೆಬ್ಬೆರಳಿಗೆ ತಿಳಿಯುವ ಕಥೆ

ವಿಡಿಯೊ ಗೇಮ್ ಬಗ್ಗೆ ನಮ್ಮಲ್ಲಿ ಬರುವ ಬರಹಗಳು ಸಾಮಾನ್ಯವಾಗಿ ಎರಡು ದಾರಿ ಹಿಡಿಯುತ್ತವೆ. ಮಕ್ಕಳ ಕಣ್ಣು, ಓದು, ನಿದ್ದೆ ಹಾಳಾಗುತ್ತಿವೆ ಎಂಬ ಆತಂಕದ್ದು ಒಂದು. ಈ ಉದ್ಯಮದಲ್ಲಿ ಎಷ್ಟು ಕೋಟಿ ಹಣ ಓಡಾಡುತ್ತದೆ ಎಂಬ ಲೆಕ್ಕದ್ದು ಇನ್ನೊಂದು. ಎರಡೂ ಬೇಕಾದವೇ. ಆದರೆ ಒಂದು ಆಟ ಚೆನ್ನಾಗಿದೆ ಎಂದರೆ ಏನರ್ಥ, ಅದು ಒಳಗಿನಿಂದ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಸಿನಿಮಾದ ಬಗ್ಗೆ, ನಾಟಕದ ಬಗ್ಗೆ ಬರೆಯುವಷ್ಟು ಶ್ರದ್ಧೆಯಿಂದ ಬರೆದದ್ದು ಕಡಿಮೆ. ಈಚೆಗೆ ಮನೆಯ ಟೀವಿಗೆ ಜೋಡಿಸಿದ ಕನ್ಸೋಲುಗಳಲ್ಲಿ ಕೆಲವು ಆಟ ಆಡಿದೆ. ಹೊಸವೂ ಇದ್ದವು, ಹಳೆಯವನ್ನೂ ಹುಡುಕಿ ತಂದೆ. ಆಡುತ್ತಾ ಹೋದಂತೆ ಒಂದು ಮಾತು ಗಟ್ಟಿಯಾಯಿತು. ಒಳ್ಳೆಯ ಆಟ ತನ್ನ ಕಥೆಯನ್ನು ಕೈಗೆ ಹೇಳುತ್ತದೆ. ಪರದೆಯ ಚಿತ್ರ, ಸಂಗೀತ, ಸಂಭಾಷಣೆಗಳೆಲ್ಲ ಆ ಕೈಯ ಹಿಂದೆ ಬರುವ ಮೇಳ.

ಗೊತ್ತಿಲ್ಲದವರಿಗಾಗಿ ಎರಡು ಮಾತು. ಕನ್ಸೋಲ್ ಎಂದರೆ ಆಟಕ್ಕೆಂದೇ ಮಾಡಿದ ಕಂಪ್ಯೂಟರ್. ಸೋನಿಯ ಪ್ಲೇಸ್ಟೇಷನ್, ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್, ನಿಂಟೆಂಡೊದ ಸ್ವಿಚ್ ಈಗಿನ ಮೂರು ದೊಡ್ಡ ಹೆಸರುಗಳು. ಆಡುವವರ ಕೈಯಲ್ಲಿರುವುದು ಕಂಟ್ರೋಲರ್. ಎಡ ಮತ್ತು ಬಲ ಹೆಬ್ಬೆರಳಿಗೆ ಒಂದೊಂದು ಪುಟ್ಟ ಸ್ಟಿಕ್, ಬಲಗಡೆ ನಾಲ್ಕು ಗುಂಡಿ, ತೋರುಬೆರಳುಗಳಿಗೆ ಮೇಲಂಚಿನಲ್ಲಿ ಟ್ರಿಗರ್‌ಗಳು. ಫೋನಿನ ಗಾಜು ಎಲ್ಲ ಆಟಕ್ಕೂ ಒಂದೇ ನುಣುಪು. ಬೆರಳಿಗೆ ಅಲ್ಲಿ ಹಿಡಿಯಲು, ಒತ್ತಲು, ಅದುಮಿ ಇಟ್ಟುಕೊಳ್ಳಲು ಏನೂ ಇಲ್ಲ. ಕಂಟ್ರೋಲರಿನಲ್ಲಿ ಗುಂಡಿ ಒತ್ತಿದರೆ ಅದು ತಿರುಗಿ ಒತ್ತುತ್ತದೆ. ಈ ಸಣ್ಣ ವ್ಯತ್ಯಾಸದಿಂದಲೇ ಎಷ್ಟೋ ಹುಟ್ಟಿದೆ.

ಹಳೆಯದರಿಂದಲೇ ಶುರುಮಾಡೋಣ. 1985ರ ‘ಸೂಪರ್ ಮಾರಿಯೊ ಬ್ರದರ್ಸ್’ ಆಟವನ್ನು ಸ್ವಿಚ್‌ನಲ್ಲಿ ಹಾಕಿ, ಅದುವರೆಗೆ ಕಂಟ್ರೋಲರ್ ಮುಟ್ಟಿರದ ಅಕ್ಕನ ಮಗಳ ಕೈಗೆ ಕೊಟ್ಟೆ. ಏನೂ ಹೇಳಿಕೊಡಲಿಲ್ಲ. ಮೊದಲ ಹಂತ ತೆರೆದುಕೊಂಡಾಗ ಮಾರಿಯೊ ಪರದೆಯ ಎಡ ಅಂಚಿನಲ್ಲಿ ನಿಂತಿರುತ್ತಾನೆ, ಬಲಕ್ಕೆಲ್ಲ ಬಯಲು. ಹೋಗಬೇಕಾದ್ದು ಎತ್ತ ಎಂದು ಬರೆದು ತಿಳಿಸಬೇಕಿಲ್ಲ. ಸ್ವಲ್ಪ ನಡೆದರೆ ಅಣಬೆಯಂಥ ಪ್ರಾಣಿಯೊಂದು ಎದುರು ಬರುತ್ತದೆ. ಮುಟ್ಟಿದರೆ ಮಾರಿಯೊ ಸಾಯುತ್ತಾನೆ, ಆದರೆ ಆಟ ಈಗಷ್ಟೇ ಶುರುವಾದದ್ದರಿಂದ ಕಳೆದುಕೊಳ್ಳುವುದು ಕೆಲವೇ ಸೆಕೆಂಡು. ಎರಡನೆಯ ಸಲ ಅವಳು ಹಾರಿದಳು. ಹಾರಿದಾಗ ತಲೆ ಮೇಲಿನ ಪ್ರಶ್ನಾರ್ಥಕ ಚಿಹ್ನೆಯ ಪೆಟ್ಟಿಗೆಗೆ ತಗುಲಿ ನಾಣ್ಯ ಬಂತು. ಇನ್ನೊಂದು ಪೆಟ್ಟಿಗೆಯಿಂದ ಒಳ್ಳೆಯ ಅಣಬೆಯೊಂದು ಹೊರಬಿದ್ದು ಬಲಕ್ಕೆ ಜಾರಿತು, ಮುಂದಿನ ಕೊಳವೆಗೆ ಬಡಿದು ವಾಪಸು ಅವಳತ್ತಲೇ ಬಂತು. ಶತ್ರು ಇರಬಹುದೆಂದು ಹೆದರಿ ತಪ್ಪಿಸಿಕೊಳ್ಳಲು ಹೋದರೆ ಮೇಲೆ ಇಟ್ಟಿಗೆಗಳ ಸಾಲು, ಎತ್ತರಕ್ಕೆ ಹಾರಲು ಬಿಡುವುದಿಲ್ಲ. ಅಣಬೆ ತಾಗಿಯೇ ತಾಗಿತು, ಮಾರಿಯೊ ದೊಡ್ಡವನಾದ. ಅವಳು ಕೇಕೆ ಹಾಕಿದಳು.

ಇದರಲ್ಲಿ ಆಕಸ್ಮಿಕವೇನೂ ಇಲ್ಲ. ಆಟ ರೂಪಿಸಿದ ಶಿಗೆರು ಮಿಯಾಮೊಟೊ ಮತ್ತು ತಕಾಶಿ ತೆಜುಕಾ ಈ ಮೊದಲ ಕೆಲವು ಹೆಜ್ಜೆಗಳನ್ನು ಯಾಕೆ ಹಾಗೆ ಜೋಡಿಸಿದೆವು ಎಂದು 2015ರಲ್ಲಿ ಒಂದು ಸಂದರ್ಶನದಲ್ಲಿ ಬಿಡಿಸಿ ಹೇಳಿದ್ದಾರೆ. ಕೊಳವೆ ಎಲ್ಲಿರಬೇಕು, ಇಟ್ಟಿಗೆ ಎಷ್ಟು ಎತ್ತರದಲ್ಲಿರಬೇಕು ಎನ್ನುವುದೇ ಅಲ್ಲಿ ಪಾಠದ ವಾಕ್ಯರಚನೆ. ಓದಲು ಬಾರದ ಮಗುವಿಗೂ ಅದು ತಿಳಿಯುತ್ತದೆ.

ಆ ಪಾಠಕ್ರಮವನ್ನು ಒಂದು ಇಡೀ ದೇಶದಷ್ಟು ಹಿಗ್ಗಿಸಿದರೆ ಏನಾಗುತ್ತದೆ ಎಂದು ತಿಳಿಯಬೇಕಾದರೆ ‘ದಿ ಲೆಜೆಂಡ್ ಆಫ್ ಜೆಲ್ಡಾ: ಬ್ರೆತ್ ಆಫ್ ದಿ ವೈಲ್ಡ್’ ಆಡಬೇಕು. 2017ರ ಮಾರ್ಚ್ 3ರಂದು ಸ್ವಿಚ್ ಕನ್ಸೋಲಿನ ಜೊತೆಗೇ ಬಂದ ಆಟ. ಹಿಡೆಮಾರೊ ಫುಜಿಬಯಾಶಿ ಇದರ ನಿರ್ದೇಶಕ, ಐಜಿ ಅವೊನುಮಾ ನಿರ್ಮಾಪಕ. ನೂರು ವರ್ಷ ನಿದ್ದೆ ಹೋಗಿದ್ದ ಲಿಂಕ್ ಎಂಬ ಹುಡುಗ ಗುಹೆಯೊಂದರಲ್ಲಿ ಏಳುತ್ತಾನೆ. ಹೊರಗೆ ಬಂದರೆ ಎತ್ತರದ ಪ್ರಸ್ಥಭೂಮಿ, ಸುತ್ತಲೂ ಪ್ರಪಾತ. ಗಾಳಿಯಲ್ಲಿ ತೇಲಿಸುವ ಬಟ್ಟೆಯ ರೆಕ್ಕೆ ಸಿಗುವವರೆಗೆ ಕೆಳಗಿಳಿಯುವಂತಿಲ್ಲ. ಈ ಪ್ರಸ್ಥಭೂಮಿಯೇ ಶಾಲೆ, ಆದರೆ ಶಾಲೆ ಎಂದು ಅನ್ನಿಸುವುದೇ ಇಲ್ಲ. ಕಂದರದ ಅಂಚಿನಲ್ಲೊಂದು ಮರ. ಕೈಯಲ್ಲಿ ಕೊಡಲಿ ಇದೆ. ಕಡಿದರೆ ಮರ ಬಿದ್ದು ಸೇತುವೆಯಾಗುತ್ತದೆ. ಹಿಮದ ಬೆಟ್ಟ ಹತ್ತಿದರೆ ಚಳಿಗೆ ಜೀವ ಸೋರುತ್ತದೆ; ಖಾರದ ಮೆಣಸು ಹಾಕಿ ಅಡುಗೆ ಮಾಡಿ ತಿಂದು ಹೋದರೆ ಮೈ ಬೆಚ್ಚಗಿರುತ್ತದೆ. ಉರಿಯುವ ಪಂಜು ಹಿಡಿದರೂ ಆದೀತು. ಒಣ ಹುಲ್ಲಿಗೆ ಬೆಂಕಿ ಹಚ್ಚಿದರೆ ಬಿಸಿಗಾಳಿ ಮೇಲೇಳುತ್ತದೆ, ಆ ಗಾಳಿಯ ಮೇಲೆ ರೆಕ್ಕೆ ಬಿಚ್ಚಿದರೆ ಆಕಾಶಕ್ಕೇರಬಹುದು. ಗುಡುಗು ಮಳೆಯಲ್ಲಿ ಲೋಹದ ಕತ್ತಿ ಬೆನ್ನಿಗಿದ್ದರೆ ಕಿಡಿ ಹಾರತೊಡಗುತ್ತದೆ, ತೆಗೆದಿಡದಿದ್ದರೆ ಸಿಡಿಲು ಬಡಿಯುತ್ತದೆ.

ಇವೆಲ್ಲ ಒಂದೊಂದಾಗಿ ಬರೆದಿಟ್ಟ ಪ್ರಸಂಗಗಳಲ್ಲ. ಬೆಂಕಿ, ನೀರು, ಗಾಳಿ, ವಿದ್ಯುತ್ತಿನಂಥವು ವಸ್ತುಗಳನ್ನು ಬದಲಿಸಬಹುದು, ಒಂದನ್ನೊಂದೂ ಬದಲಿಸಬಹುದು. ವಸ್ತುವೊಂದು ಇನ್ನೊಂದು ವಸ್ತುವಿನ ಗುಣ ಬದಲಿಸಲಾರದು. ಈ ಕೆಲವೇ ನಿಯಮಗಳನ್ನು ಇಡೀ ಲೋಕಕ್ಕೆ ಹಾಕಿ ಬಿಟ್ಟುಬಿಟ್ಟಿದ್ದಾರೆ. 1986ರ ಮೊದಲ ಜೆಲ್ಡಾ ಆಟದಂಥ ಚಪ್ಪಟೆ ಮಾದರಿಯೊಂದನ್ನು ಕಟ್ಟಿ ಈ ನಿಯಮಗಳು ನಡೆಯುತ್ತವೆಯೇ ಎಂದು ಪರೀಕ್ಷಿಸಿದರಂತೆ. ಲೋಕ ಎಷ್ಟು ದೊಡ್ಡದಿರಬೇಕು, ಒಂದು ಜಾಗದಿಂದ ಇನ್ನೊಂದಕ್ಕೆ ನಡೆಯಲು ಎಷ್ಟು ಹೊತ್ತು ಹಿಡಿಯಬೇಕು ಎಂಬ ಅಂದಾಜಿಗೆ ಫುಜಿಬಯಾಶಿ ತಮ್ಮ ಊರಾದ ಕ್ಯೋಟೊದ ನಕ್ಷೆಯನ್ನು ಆಟದ ನೆಲದ ಮೇಲೆ ಹಾಸಿ ನೋಡಿದರು. ಹುಟ್ಟೂರಿನ ದೂರಗಳು ಕಾಲಿಗೆ ಗೊತ್ತಿರುತ್ತವಲ್ಲ, ಆ ಅರಿವನ್ನು ಅವರು ಅಳತೆಗೋಲು ಮಾಡಿಕೊಂಡರು. ನನಗೆ ತುಂಬ ಇಷ್ಟವಾದ ಸಂಗತಿ ಇದು.

ಕೈಗೆ ಇದೆಲ್ಲ ಹೇಗೆ ಬರುತ್ತದೆ? ಬಂಡೆ ಹತ್ತುವಾಗ. ಈ ಆಟದಲ್ಲಿ ಬಹುಪಾಲು ಯಾವುದನ್ನು ಬೇಕಾದರೂ ಹತ್ತಬಹುದು, ಆದರೆ ಕಸುವನ್ನು ತೋರಿಸುವ ಹಸಿರು ಬಳೆಯೊಂದು ಕರಗುತ್ತಾ ಹೋಗುತ್ತದೆ. ತುದಿ ಇನ್ನು ಎರಡು ಮಾರು ಇದೆ ಎನ್ನುವಾಗ ಬಳೆ ಕೆಂಪಾಗುತ್ತದೆ, ಸ್ಟಿಕ್ ಒತ್ತುತ್ತಿರುವ ಹೆಬ್ಬೆರಳು ಬಿಗಿಯುತ್ತದೆ. ಆಗ ಮಳೆ ಬಂದರೆ ಬಂಡೆ ಒದ್ದೆಯಾಗಿ ಲಿಂಕ್ ಜಾರುತ್ತಾನೆ. ಮಳೆಯ ಈ ಜಾರಿಕೆಯನ್ನು ಬೈದವರು ಬಹಳ. ನಾನು ಅದರ ಪರ. ಮಳೆ ನಿಲ್ಲುವವರೆಗೆ ಬಂಡೆಯ ಮರೆಯಲ್ಲಿ ಕುಳಿತು ಸೌದೆ ಒಟ್ಟಿ ಬೆಂಕಿ ಕಾಯಿಸಬೇಕಾಗಿ ಬಂದಾಗಲೇ ಆ ಲೋಕ ನನಗೆ ನಿಜವಾದದ್ದು. ನನ್ನ ಅನುಕೂಲಕ್ಕೆಂದೇ ಇರದ ಹವೆ ಇರುವ ಜಾಗ ಅದು. 2023ರಲ್ಲಿ ಬಂದ ಮುಂದಿನ ಭಾಗ ‘ಟಿಯರ್ಸ್ ಆಫ್ ದಿ ಕಿಂಗ್‌ಡಮ್’ ಇದೇ ನೆಲದಲ್ಲಿ ಹಲಗೆ, ಗಾಲಿ, ಫ್ಯಾನು ಅಂಟಿಸಿ ಗಾಡಿ, ವಿಮಾನ ಕಟ್ಟಲು ಬಿಡುತ್ತದೆ. ಎಂಜಿನಿಯರಿಂಗ್ ಮನಸ್ಸಿನವರಿಗೆ ಹಬ್ಬ. ನನಗೆ ಮಾತ್ರ ನಡೆದು ಹತ್ತುವ ಮೊದಲ ಭಾಗವೇ ಹೆಚ್ಚು ಹತ್ತಿರ.

ನಾನು ಆಡಿದ ಈ ಆಟಗಳಲ್ಲಿ ಒಂದರಲ್ಲೂ ಕನ್ನಡ ಇರಲಿಲ್ಲ. ಕನ್ಸೋಲ್ ಆಟಗಳಿಗೆ ಕನ್ನಡ ಉಪಶೀರ್ಷಿಕೆ ಬರಬೇಕು, ಅದನ್ನು ಗಟ್ಟಿಯಾಗಿ ಕೇಳಬೇಕು. ಅದು ಬರುವವರೆಗೆ, ಕೈಯೊಂದಿಗೆ ಮಾತಾಡುವ ಆಟಗಳು ನಮ್ಮ ಮನೆಗಳಿಗೆ ಹೆಚ್ಚು ಸಲ್ಲುತ್ತವೆ. ಇಂಗ್ಲಿಷ್ ಓದದ ನನ್ನ ದೊಡ್ಡಮ್ಮ ‘ಜರ್ನಿ’ ಆಡಿದರು. 2012ರಲ್ಲಿ ದಟ್‌ಗೇಮ್‌ಕಂಪನಿ ತಂದ ಆಟ. ಶಾಂಘೈನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಜೆನೋವಾ ಚೆನ್ ಇದರ ನಿರ್ದೇಶಕ. ಮರಳುಗಾಡಿನಲ್ಲಿ ಕೆಂಪು ನಿಲುವಂಗಿ ತೊಟ್ಟ ಒಂದು ಆಕೃತಿ, ದೂರದಲ್ಲಿ ಬೆಳಕಿನ ಬೆಟ್ಟ. ಕಥೆ ಹೇಳುವ ಒಂದು ಮಾತೂ ಇಲ್ಲ. ಒಂದು ಗುಂಡಿ ಹಾರಲು, ಇನ್ನೊಂದು ಹಕ್ಕಿಯಂತೆ ಒಂದು ಸ್ವರ ಹೊರಡಿಸಲು, ಅಷ್ಟೆ. ದಾರಿಯಲ್ಲಿ ತಮ್ಮಂಥದೇ ಇನ್ನೊಂದು ಆಕೃತಿ ಕಂಡಾಗ ದೊಡ್ಡಮ್ಮ, “ಇವಳ್ಯಾರೋ ನನ್ನ ಹಿಂದೇನೇ ಬರ್ತಾ ಇದಾಳಲ್ಲೋ” ಅಂದರು. “ಅದು ಬೇರೆ ಯಾವುದೋ ಊರಲ್ಲಿ ಕೂತು ನಿಜವಾಗ್ಲೂ ಆಡ್ತಾ ಇರೋ ಮನುಷ್ಯರು ದೊಡ್ಡಮ್ಮ” ಎಂದೆ. ಆಮೇಲೆ ಅವರು ಎಲ್ಲಿ ಹೋದರೂ ಸ್ವರದ ಗುಂಡಿ ಒತ್ತಿ ಒತ್ತಿ ಜೊತೆಯವರನ್ನು ಕರೆಯುತ್ತಿದ್ದರು. ಈ ಆಟದಲ್ಲಿ ಅಪರಿಚಿತರು ಒಬ್ಬರಿಗೊಬ್ಬರು ಬೈಯುವಂತಿಲ್ಲ, ತಳ್ಳುವಂತಿಲ್ಲ. ಹತ್ತಿರ ಬಂದು ಮೈತಾಗಿದರೆ ಇಬ್ಬರ ಕೊರಳ ವಸ್ತ್ರಕ್ಕೂ ಹಾರುವ ಶಕ್ತಿ ತುಂಬುತ್ತದೆ. ಅಂತರ್ಜಾಲದಲ್ಲಿ ಅಪರಿಚಿತರನ್ನು ಒಳ್ಳೆಯವರನ್ನಾಗಿ ಮಾಡಲು ಉಪದೇಶ ಬೇಕಿರಲಿಲ್ಲ, ಕೈಗೆ ಕೊಡುವ ಗುಂಡಿಗಳನ್ನು ಯೋಚಿಸಿ ಕೊಟ್ಟರೆ ಸಾಕಾಯಿತು.

ಕೈಯೊಂದಿಗೆ ಮಾತಾಡಲು ಕಂಪನವೂ ಒಂದು ದಾರಿ; ಪ್ಲೇಸ್ಟೇಷನ್ 5ರ ಕಂಟ್ರೋಲರಿನಲ್ಲಿ ಅದರ ತಂತ್ರವೇ ಬದಲಾಗಿದೆ. ಮೊದಲು ಒಂದು ಬದಿ ಭಾರವಿರುವ ಪುಟ್ಟ ಮೋಟಾರು ತಿರುಗಿ ಕೈ ನಡುಗುತ್ತಿತ್ತು. ಈಗ ಸ್ಪೀಕರಿನೊಳಗೆ ಇರುವಂಥ ಸುರುಳಿಗಳು ಬಹಳ ನವಿರಾದ ಅಲುಗಾಟ ಕೊಡುತ್ತವೆ. ಟ್ರಿಗರ್ ಕೂಡ ಬೇಕೆಂದಾಗ ಬಿಗಿಯಾಗುತ್ತದೆ. ಟೋಕಿಯೊದ ಟೀಮ್ ಅಸೋಬಿ 2024ರಲ್ಲಿ ತಂದ ‘ಆಸ್ಟ್ರೊ ಬಾಟ್’ ಈ ತಂತ್ರದ ಜಾತ್ರೆ. ಪುಟ್ಟ ರೋಬೊ ಹುಲ್ಲಿನ ಮೇಲೆ ನಡೆದರೆ ಒಂದು ಬಗೆ, ಲೋಹದ ಮೇಲೆ ನಡೆದರೆ ಇನ್ನೊಂದು ಬಗೆ ಅಂಗೈಗೆ ತಿಳಿಯುತ್ತದೆ. ಆ ವರ್ಷದ ‘ಗೇಮ್ ಅವಾರ್ಡ್ಸ್’ನಲ್ಲಿ ಅತ್ಯುತ್ತಮ ಆಟದ ಪ್ರಶಸ್ತಿಯೂ ಇದಕ್ಕೇ. ಸಂತೋಷ ತುಂಬಿದ ಆಟ. ಮುಗಿಸಿದ ಮೇಲೆ ಮನಸ್ಸಿನಲ್ಲಿ ಉಳಿದದ್ದು ಕಡಿಮೆ.

‘ಸೆಲೆಸ್ಟ್’ ಹಾಗಲ್ಲ. 2018ರ ಈ ಆಟದ ಚಿತ್ರಗಳು ಎಂಬತ್ತರ ದಶಕದವು ಎನ್ನುವಷ್ಟು ಸರಳ, ಚೌಕ ಚೌಕ ಚುಕ್ಕೆಗಳವು. ಮ್ಯಾಡಿ ಥಾರ್ಸನ್ ಮತ್ತು ನೋಯೆಲ್ ಬೆರಿ ನಾಲ್ಕೇ ದಿನದಲ್ಲಿ ಕಟ್ಟಿದ ಪುಟ್ಟ ಆಟವೊಂದರಿಂದ ಬೆಳೆದದ್ದು. ಮ್ಯಾಡಲಿನ್ ಎಂಬ ಯುವತಿ ಸೆಲೆಸ್ಟ್ ಪರ್ವತ ಹತ್ತಲು ಹೊರಟಿದ್ದಾಳೆ. ಅವಳಿಗೆ ಆತಂಕದ ಕಾಯಿಲೆ ಇದೆ. ಆಡುವವರ ಕೈಯಲ್ಲಿರುವುದು ಮೂರೇ ಕ್ರಿಯೆ: ಹಾರುವುದು, ಗೋಡೆ ಹಿಡಿಯುವುದು, ಗಾಳಿಯಲ್ಲಿ ಎಂಟರಲ್ಲಿ ಒಂದು ದಿಕ್ಕಿಗೆ ಸರ್ರನೆ ನುಗ್ಗುವುದು. ಮುಳ್ಳುಗಳ ನಡುವೆ ಇವನ್ನೇ ಹೊಂದಿಸಿಕೊಂಡು ಒಂದು ಪರದೆ ದಾಟಬೇಕು, ಆಮೇಲೆ ಇನ್ನೊಂದು. ಸಾಯುವುದು ಎಷ್ಟು ಸಲವೋ! ಆದರೆ ಸತ್ತ ಕ್ಷಣದಲ್ಲೇ ಅದೇ ಪರದೆಯ ಆರಂಭದಲ್ಲಿ ಎದ್ದು ನಿಲ್ಲುತ್ತೀರಿ. ಬೇಸರಪಡಲೂ ಬಿಡುವಿಲ್ಲ. ಸಾವಿನ ಲೆಕ್ಕ ಹೆಚ್ಚಾದಷ್ಟೂ ನೀವು ಕಲಿಯುತ್ತಿದ್ದೀರಿ ಎಂದು ಆಟವೇ ನಡುವೆ ಒಂದು ಅಂಚೆ ಕಾರ್ಡಿನಲ್ಲಿ ಧೈರ್ಯ ಹೇಳುತ್ತದೆ.

ಇಷ್ಟು ಕಠಿಣವಾದ ಆಟ ಕೈಗೆ ಯಾಕೆ ಕ್ರೂರ ಅನ್ನಿಸುವುದಿಲ್ಲ? ಅದರ ಗುಟ್ಟನ್ನು ಥಾರ್ಸನ್ ಅವರೇ ಬಹಿರಂಗವಾಗಿ ವಿವರಿಸಿದ್ದಾರೆ. ಮ್ಯಾಡಲಿನ್ ಅಂಚಿನಿಂದ ಆಚೆ ಕಾಲಿಟ್ಟ ಮೇಲೂ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು, ಅವಳು ನೆಲದ ಮೇಲೇ ಇದ್ದಾಳೆ ಎಂದು ಆಟ ಒಪ್ಪಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ಗುಂಡಿ ಒತ್ತಿದರೂ ಹಾರಬಹುದು. ನೆಲ ಮುಟ್ಟುವ ಚೂರು ಮೊದಲೇ ಒತ್ತಿದರೆ ಆಟ ಅದನ್ನು ನೆನಪಿಟ್ಟುಕೊಂಡು, ಮುಟ್ಟಿದೊಡನೆ ಹಾರಿಸುತ್ತದೆ. ತಲೆ ಮೇಲಿನ ಮೂಲೆಗೆ ತಗುಲುವಂತಿದ್ದರೆ ಅವಳನ್ನು ಕೊಂಚ ಪಕ್ಕಕ್ಕೆ ಸರಿಸುತ್ತದೆ. ಕಣ್ಣಿಗೆ ಇದ್ಯಾವುದೂ ಕಾಣುವುದಿಲ್ಲ. ನಿಮ್ಮ ಬೆರಳು ಏನು ಮಾಡಬೇಕೆಂದಿತ್ತು ಎನ್ನುವುದನ್ನು ಆಟ ಊಹಿಸಿ ನಡೆದುಕೊಳ್ಳುತ್ತದೆ. ಹೊರಗೆ ಇಷ್ಟು ನಿಷ್ಠುರವಾಗಿದ್ದು ಒಳಗೆ ಇಷ್ಟು ಅಕ್ಕರೆಯಿಂದ ನೋಡಿಕೊಳ್ಳುವ ಮೇಷ್ಟ್ರು ಎಲ್ಲರಿಗೂ ಸಿಗುವುದಿಲ್ಲ.

ಸೆಲೆಸ್ಟ್‌ನಲ್ಲೊಂದು ದೃಶ್ಯ ಇದೆ. ಹಗ್ಗದ ತೊಟ್ಟಿಲಿನಂಥ ಗಾಡಿ ಪ್ರಪಾತದ ನಡುವೆ ನಿಂತುಬಿಡುತ್ತದೆ, ಮ್ಯಾಡಲಿನ್‌ಗೆ ಉಸಿರು ಕಟ್ಟುತ್ತದೆ. ಜೊತೆಗಿರುವ ಹುಡುಗ, ಒಂದು ಗರಿಯನ್ನು ನೆನೆಸಿಕೋ, ಉಸಿರಿನಿಂದ ಅದನ್ನು ತೇಲಿಸು ಎನ್ನುತ್ತಾನೆ. ಪರದೆಯಲ್ಲಿ ಗರಿ ಬರುತ್ತದೆ. ಗುಂಡಿ ಒತ್ತಿದರೆ ಮೇಲೇರುತ್ತದೆ, ಬಿಟ್ಟರೆ ಇಳಿಯುತ್ತದೆ; ಚೌಕಟ್ಟಿನೊಳಗೆ ಇರುವಂತೆ ನಿಧಾನವಾಗಿ ಒತ್ತಿ ಬಿಡಬೇಕು. ಕೆಲವೇ ಹೊತ್ತಿನಲ್ಲಿ ನನ್ನ ಉಸಿರೂ ಬೆರಳಿನ ಲಯಕ್ಕೆ ಬಂತು. ಆತಂಕದ ಬಗ್ಗೆ ಓದಿದ ಎಷ್ಟೋ ಲೇಖನಗಳು ಕೊಡದ ತಿಳಿವಳಿಕೆಯನ್ನು ಆ ಹೆಬ್ಬೆರಳು ಕೊಟ್ಟಿತು.

ಗುಂಡಿಯನ್ನು ಒತ್ತಿ ಹಿಡಿಯುವುದೇ ಅರ್ಥವಾಗುವ ಆಟಗಳಲ್ಲಿ ಜಪಾನಿನ ಫುಮಿತೊ ಉಎದಾ ಅವರ ಎರಡನ್ನು ಬಿಟ್ಟು ಮುಂದೆ ಹೋಗಲಾಗದು. 2001ರ ‘ಈಕೊ’ದಲ್ಲಿ ಗುಂಡಿ ಅದುಮಿ ಹಿಡಿದಷ್ಟು ಹೊತ್ತು ಹುಡುಗನೊಬ್ಬ ಹುಡುಗಿಯೊಬ್ಬಳ ಕೈ ಹಿಡಿದಿರುತ್ತಾನೆ, ಬೆರಳು ಎತ್ತಿದರೆ ಕೈ ಬಿಟ್ಟಂತೆ. 2005ರ ‘ಶ್ಯಾಡೊ ಆಫ್ ದಿ ಕೊಲೋಸಸ್’ನಲ್ಲಿ ಗುಡ್ಡದಷ್ಟು ದೊಡ್ಡ ಹದಿನಾರು ಜೀವಿಗಳ ಮೈಕೂದಲು ಹಿಡಿದು ಹತ್ತಬೇಕು. ಜೀವಿ ಮೈ ಕೊಡವುತ್ತದೆ, ನೀವು ಗುಂಡಿ ಬಿಡದೆ ಹಿಡಿದಿರುತ್ತೀರಿ, ಬೆರಳು ನೋಯುತ್ತದೆ. ಅಷ್ಟು ಕಷ್ಟಪಟ್ಟು ಕೊಂದ ಮೇಲೆ ಆ ಜೀವಿ ನೆಲಕ್ಕೆ ಒರಗುವಾಗ ಗೆದ್ದ ಸಂಭ್ರಮವೇ ಬರುವುದಿಲ್ಲ. ಅದು ನಮಗೇನು ಮಾಡಿತ್ತು ಎಂಬ ಪ್ರಶ್ನೆ ಬರುತ್ತದೆ.

ಇನ್ನು ಹೇಳಹೊರಟಿರುವ ಆಟದ ಕೊನೆಯನ್ನು ಹೇಳದೆ ವಿಧಿಯಿಲ್ಲ. ಆಡಬೇಕೆಂದಿರುವವರು ಮುಂದಿನ ಪ್ಯಾರಾ ಬಿಟ್ಟು ಓದಿ. 2013ರ ‘ಬ್ರದರ್ಸ್: ಎ ಟೇಲ್ ಆಫ್ ಟೂ ಸನ್ಸ್’ ನಿರ್ದೇಶಿಸಿದವರು ಜೋಸೆಫ್ ಫಾರಿಸ್. ಬೈರೂತಿನಲ್ಲಿ ಹುಟ್ಟಿ ಚಿಕ್ಕಂದಿನಲ್ಲೇ ಸ್ವೀಡನ್ನಿಗೆ ಬಂದು ಸಿನಿಮಾ ಮಾಡುತ್ತಿದ್ದವರು. ಕಾಯಿಲೆ ಬಿದ್ದ ಅಪ್ಪನಿಗೆ ಮದ್ದು ತರಲು ಅಣ್ಣ ತಮ್ಮ ಹೊರಡುತ್ತಾರೆ. ಎಡ ಸ್ಟಿಕ್ ಅಣ್ಣ, ಬಲ ಸ್ಟಿಕ್ ತಮ್ಮ. ಎಡ ಟ್ರಿಗರ್ ಅಣ್ಣನ ಕೈ, ಬಲ ಟ್ರಿಗರ್ ತಮ್ಮನ ಕೈ. ಮೊದಮೊದಲು ಎರಡು ಹೆಬ್ಬೆರಳೂ ಜಗಳಾಡುತ್ತವೆ, ಅಣ್ಣ ಗೋಡೆಗೆ ಗುದ್ದಿದರೆ ತಮ್ಮ ಹಿಂದಕ್ಕೆ ಹೋಗುತ್ತಾನೆ. ಸ್ವಲ್ಪ ಹೊತ್ತಿಗೆ ಕೈಗಳು ಒಂದನ್ನೊಂದು ಅರಿತುಕೊಳ್ಳುತ್ತವೆ. ತಾಯಿ ನೀರಿನಲ್ಲಿ ಮುಳುಗಿ ತೀರಿಕೊಂಡದ್ದರಿಂದ ತಮ್ಮನಿಗೆ ನೀರೆಂದರೆ ಭಯ. ಹೊಳೆ ಬಂದಾಗಲೆಲ್ಲ ಅಣ್ಣ ಈಜುತ್ತಾನೆ, ತಮ್ಮ ಅವನ ಬೆನ್ನು ಹಿಡಿದುಕೊಳ್ಳುತ್ತಾನೆ.

ಕೊನೆಯ ಭಾಗದಲ್ಲಿ ಅಣ್ಣ ಸಾಯುತ್ತಾನೆ. ತಮ್ಮನೇ ಅವನನ್ನು ಮಣ್ಣು ಮಾಡಬೇಕು. ಆಮೇಲೆ ಆಡುವಾಗ ನಿಮ್ಮ ಎಡಗೈಗೆ ಕೆಲಸವೇ ಇಲ್ಲ, ಸುಮ್ಮನೆ ಕಂಟ್ರೋಲರ್ ಹಿಡಿದುಕೊಂಡಿದೆ. ಅಗಲಿಕೆಯನ್ನು ಇಷ್ಟು ನೇರವಾಗಿ ದೇಹದಲ್ಲಿ ಇಟ್ಟ ಇನ್ನೊಂದು ಕಲಾಕೃತಿ ನನಗೆ ತಿಳಿಯದು. ಊರು ಹತ್ತಿರವಾದಾಗ ಅಡ್ಡಲಾಗಿ ನೀರು. ತಮ್ಮ ದಡದಲ್ಲಿ ನಡುಗುತ್ತಾನೆ, ಬಲಗಡೆಯ ಟ್ರಿಗರ್ ಎಷ್ಟು ಒತ್ತಿದರೂ ಮುಂದೆ ಹೋಗನು. ಏನು ಮಾಡಬೇಕೆಂದು ಪರದೆಯಲ್ಲಿ ಬರುವುದಿಲ್ಲ. ತೋಚದೆ ಎಡಗಡೆಯ ಟ್ರಿಗರ್, ಅಣ್ಣನದು, ಒತ್ತುತ್ತೀರಿ. ತಮ್ಮ ನೀರಿಗಿಳಿದು ಈಜುತ್ತಾನೆ. ಕಣ್ಣಲ್ಲಿ ನೀರು ಬಂದದ್ದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಸಿನಿಮಾದಲ್ಲಿ ಇದನ್ನು ತೋರಿಸಬಹುದು, ಕಾದಂಬರಿಯಲ್ಲಿ ಬರೆಯಬಹುದು; ಆದರೆ ಅಣ್ಣನ ಟ್ರಿಗರನ್ನು ನೋಡುಗರಿಂದಲೇ ಒತ್ತಿಸುವುದು ಆಟಕ್ಕೆ ಮಾತ್ರ ಸಾಧ್ಯ.

ಈ ಆಟ ಮಾಡಿದ ಸ್ವೀಡನ್ನಿನ ಸ್ಟಾರ್‌ಬ್ರೀಜ್ ಸಂಸ್ಥೆಗೂ ಬೆಂಗಳೂರಿಗೂ ಒಂದು ನಂಟಿದೆ. 1997ರಲ್ಲಿ ರಾಜೇಶ್ ರಾವ್ ಬೆಂಗಳೂರಿನಲ್ಲಿ ಕಟ್ಟಿದ ಧ್ರುವ ಇಂಟರಾಕ್ಟಿವ್, ಭಾರತದ ವಿಡಿಯೊ ಗೇಮ್ ಉದ್ಯಮದ ಮೊದಲ ಸಂಸ್ಥೆಗಳಲ್ಲೊಂದು, ಕೆಲವು ವರ್ಷ ಸ್ಟಾರ್‌ಬ್ರೀಜ್ ಕೈಯಲ್ಲಿತ್ತು. 2019ರಲ್ಲಿ ರಾಕ್‌ಸ್ಟಾರ್ ಎಂಬ ಆಟ ತಯಾರಿಸುವ ಸಂಸ್ಥೆ ಅದನ್ನು ಕೊಂಡಿತು. ‘ಫೋರ್ಜಾ’ದಂಥ ಹೆಸರಾಂತ ಆಟಗಳ ಚಿತ್ರಕಲೆಯ ಕೆಲಸ ಈ ಊರಿನಲ್ಲಿ ನಡೆದಿದೆ. ಅಷ್ಟು ಪಳಗಿದ ಕೈಗಳು ಇಲ್ಲಿರುವಾಗ ನಮ್ಮದೇ ಕಥೆಯ ಕನ್ಸೋಲ್ ಆಟಕ್ಕಾಗಿ ಆಸೆಪಡುವುದು ಅತಿಯಾಸೆಯಲ್ಲ.

ಆ ಆಸೆಗೆ ‘ವೆಣ್ಬಾ’ ಇನ್ನಷ್ಟು ಬಲ ಕೊಟ್ಟಿತು. ಟೊರಾಂಟೊದ ವಿಸೈ ಗೇಮ್ಸ್ ಎಂಬ ಪುಟ್ಟ ತಂಡ 2023ರಲ್ಲಿ ತಂದ ಆಟ. ಎಂಬತ್ತರ ದಶಕದಲ್ಲಿ ಕೆನಡಾಕ್ಕೆ ಹೋದ ತಮಿಳು ದಂಪತಿ, ಅಲ್ಲೇ ಬೆಳೆದ ಮಗ ಕವಿನ್. ಹೆಂಡತಿಗೆ ಅವಳ ಅಮ್ಮ ಕೊಟ್ಟ ಅಡುಗೆ ಪುಸ್ತಕದ ಅಕ್ಷರ ಅಲ್ಲಲ್ಲಿ ಅಳಿಸಿಹೋಗಿದೆ. ಇಡ್ಲಿ ತಟ್ಟೆಗಳನ್ನು ಹೇಗೆ ಜೋಡಿಸಬೇಕು, ಪುಟ್ಟಿಗೆ ಯಾವುದರ ಮೇಲೆ ಯಾವುದು ತುಂಬಬೇಕು ಎಂದು ನೀವೇ ಊಹಿಸಬೇಕು. ಜಗತ್ತಿನ ಯಾವುದೋ ಮೂಲೆಯಲ್ಲಿ ಒಬ್ಬರು ಕಂಟ್ರೋಲರ್ ಹಿಡಿದು ಇಡ್ಲಿ ಬೇಯಿಸಲು ತಲೆ ಕೆಡಿಸಿಕೊಂಡಿದ್ದಾರೆ ಎನ್ನುವುದೇ ನನಗೆ ಖುಷಿ. ಆದರೂ ಒಂದು ತಕರಾರು. ನಮ್ಮ ಅಡುಗೆಯಲ್ಲಿ ಕೈಹದ ದೊಡ್ಡದು, ಹಿಟ್ಟು ಎಷ್ಟು ಗಟ್ಟಿ ಎಂದು ಬೆರಳು ಹೇಳಬೇಕು. ವೆಣ್ಬಾದಲ್ಲಿ ಸಾಮಗ್ರಿಗಳ ಸರದಿ ಸರಿಮಾಡಿದರೆ ಮುಗಿಯಿತು. ಕೈಗಿಂತ ತಲೆಗೇ ಕೆಲಸ ಹೆಚ್ಚು. ಅದರ ಕಥೆ ಮಾತ್ರ ಸತ್ಯವಾದದ್ದು. ಒಂದೆರಡು ಗಂಟೆಯಲ್ಲಿ ಮುಗಿಯುವ ಈ ಪುಟ್ಟ ಆಟಕ್ಕೆ 2024ರಲ್ಲಿ ಸ್ವತಂತ್ರ ಆಟಗಳ ಉತ್ಸವದ ದೊಡ್ಡ ಬಹುಮಾನ ಬಂದದ್ದು ನ್ಯಾಯವೇ.

ಕೋಟಿಗಟ್ಟಲೆ ಸುರಿದ ಎಷ್ಟೋ ದೊಡ್ಡ ಆಟಗಳು ಕೈಯನ್ನು ನಂಬುವುದಿಲ್ಲ. ಪರದೆಯ ಮೂಲೆಯಲ್ಲಿ ನಕ್ಷೆ, ನಕ್ಷೆಯ ಮೇಲೆ ಬಾಣ, ಬಾಣದ ಪಕ್ಕ ದೂರದ ಅಂಕಿ. ಆಡುವವರು ಲೋಕವನ್ನು ಬಿಟ್ಟು ಬಾಣವನ್ನೇ ನೋಡುತ್ತಾ ಓಡುತ್ತಾರೆ. 1274ರ ಮಂಗೋಲ್ ದಾಳಿಯ ಕಥೆ ಹೇಳುವ 2020ರ ‘ಘೋಸ್ಟ್ ಆಫ್ ಸುಶಿಮಾ’ ಇದಕ್ಕೆ ಚಂದದ ಪರಿಹಾರ ಹುಡುಕಿತು. ಕಂಟ್ರೋಲರಿನ ನಡುವಿನ ಪಟ್ಟಿಯ ಮೇಲೆ ಬೆರಳು ಸವರಿದರೆ ಗಾಳಿ ಬೀಸುತ್ತದೆ; ಹುಲ್ಲು, ಎಲೆ ಬಾಗುವ ಕಡೆಗೆ ಕುದುರೆ ಬಿಟ್ಟರೆ ಗುರಿ ಸಿಗುತ್ತದೆ. ಕಣ್ಣು ಮತ್ತೆ ಬಯಲಿನ ಮೇಲೆ ನೆಡುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾಗದು. ಆಟ ಕೈಯೊಂದಿಗೆ ಮಾತಾಡುವುದಾದರೆ, ಕೈ ನಡುಗುವವರ, ಬೆರಳು ಆಡದವರ, ಒಂದೇ ಕೈ ಇರುವವರ ಪಾಡೇನು? ಈ ದಿಸೆಯಲ್ಲಿ ನಿಜವಾದ ಕೆಲಸ ನಡೆದಿದೆ. ಮೈಕ್ರೋಸಾಫ್ಟ್ 2018ರಲ್ಲಿ ತಂದ ಅಡಾಪ್ಟಿವ್ ಕಂಟ್ರೋಲರಿನಲ್ಲಿ ಅಂಗೈಯಿಂದ, ಮೊಣಕೈಯಿಂದ, ಪಾದದಿಂದಲೂ ಒತ್ತಬಹುದಾದ ಎರಡು ದೊಡ್ಡ ಗುಂಡಿಗಳಿವೆ. ಹಿಂಬದಿಯಲ್ಲಿ ಹತ್ತೊಂಬತ್ತು ಜಾಕ್‌ಗಳಿದ್ದು, ಅವರವರ ದೇಹಕ್ಕೆ ಒಗ್ಗುವ ಸ್ವಿಚ್ಚುಗಳನ್ನು ಅವಕ್ಕೆ ಸಿಕ್ಕಿಸಬಹುದು. 2023ರಲ್ಲಿ ಸೋನಿಯೂ ಇಂಥದೊಂದನ್ನು ತಂದಿತು. ಸೆಲೆಸ್ಟ್‌ನಲ್ಲಿ ಸಹಾಯದ ವ್ಯವಸ್ಥೆ ತೆರೆದರೆ ಆಟದ ವೇಗ ತಗ್ಗಿಸಬಹುದು, ಕಸುವು ಕರಗದಂತೆ, ಸಾವೇ ಬಾರದಂತೆ ಮಾಡಿಕೊಳ್ಳಬಹುದು. ಹಾಗೆ ಆಡಿದವರು ಬೆಟ್ಟ ಹತ್ತಿದ್ದು ಸುಳ್ಳು ಎನ್ನುವ ವಾದವನ್ನು ನಾನು ಒಪ್ಪುವುದಿಲ್ಲ.

ಬ್ರದರ್ಸ್ ಆಟ ಎರಡೂ ಕೈಯನ್ನು ಬೇಡುತ್ತದೆ, ಅದರ ಅರ್ಥವೇ ಅಲ್ಲಿದೆ. 2024ರಲ್ಲಿ ಬಂದ ಅದರ ಹೊಸ ರೂಪದಲ್ಲಿ ಇಬ್ಬರು ಸೇರಿ, ಒಬ್ಬರು ಅಣ್ಣನಾಗಿ ಒಬ್ಬರು ತಮ್ಮನಾಗಿ ಆಡುವ ಅವಕಾಶ ಕೊಟ್ಟಿದ್ದಾರೆ. ಒಂದೇ ದೇಹದ ಎರಡು ಕೈಗಳ ನಡುವೆ ನಡೆಯುವ ಆ ಕೊನೆಯ ಪೆಟ್ಟು ಹಾಗೆ ಆಡಿದಾಗ ಅಷ್ಟೇ ಬಲವಾಗಿ ತಗುಲುವುದಿಲ್ಲ. ಆದರೂ ಆ ಅವಕಾಶ ಇರಬೇಕು. ಸೋಫಾದ ಮೇಲೆ ಪಕ್ಕದಲ್ಲಿ ಕೂತವರು ಇದ್ದಕ್ಕಿದ್ದಂತೆ ಆಡಲು ಏನೂ ಇಲ್ಲದೆ ಸುಮ್ಮನಾಗುವುದರಲ್ಲೂ ಒಂದು ಕಥೆ ಇದೆ, ಅದನ್ನು ಯಾರಾದರೂ ಆಡಿ ಬರೆಯಲಿ.